ಗಾಜಿನೊಳಗಿನ ಉಸಿರು

ಆ ಮನೆಯಲ್ಲಿ ಊಟದ ಮೇಜಿನ ಸುತ್ತ ಇದ್ದ ಕುರ್ಚಿಗಳಲ್ಲಿ ಒಂದು ಸತ್ತವನಿಗೆ ಮೀಸಲು. ‘ಸತ್ತವನು’ ಎಂದು ಯಾರಾದರೂ ಬಾಯಿತಪ್ಪಿ ಅಂದರೆ ಅತ್ತೆ ಉರಿದು ಬೀಳುತ್ತಿದ್ದರು. ಆದ್ದರಿಂದ ಎಲ್ಲರೂ ‘ದೊಡ್ಡವನು’ ಎನ್ನುತ್ತಿದ್ದರು. ದೊಡ್ಡವನ ಕುರ್ಚಿಯ ಮೇಲೆ ಮಡಿಸಿದ ಟವೆಲ್ಲು, ಟವೆಲ್ಲಿನ ಮೇಲೆ ಒಂದು ಗಾಜಿನ ಗುಂಡು. ಎರಡು ಕೈಯಲ್ಲಿ ಹಿಡಿಯುವಷ್ಟು ದಪ್ಪ, ಹಸಿರು ಬೆರೆತ ನೀಲಿ, ಮೈಸುತ್ತ ಸುರುಳಿಯಾಗಿ ಏರಿದ ಬಿಳಿಯ ಎಳೆ. ಊದಿದ ಬಾಯಿಯನ್ನು ಗಾಜಿನದೇ ಒಂದು ಬೊಟ್ಟಿಟ್ಟು ಮುಚ್ಚಲಾಗಿತ್ತು. ಒಳಗೇನಿದೆ ಎಂದು ಕೇಳಿದವರಿಗೆ ಅತ್ತೆಯ ಉತ್ತರ ಒಂದೇ: “ನನ್ನ ಮಗನ ಉಸಿರು.”

ದೊಡ್ಡವನು ಗಾಜಿನ ಕಾರ್ಖಾನೆಯಲ್ಲಿ ಊದುವ ಕೆಲಸದವನು. ಎದೆಯ ಕಾಯಿಲೆ ಹತ್ತಿ, ಮದುವೆಗೂ ಮುಂಚೆ, ಒಂದೊಂದು ಉಸಿರಿಗೂ ಒದ್ದಾಡಿ ಹೋದ. ಕೆಲಸಕ್ಕೆ ಹೋದ ಕೊನೆಯ ದಿನ ಈ ಗುಂಡನ್ನು ಊದಿ, ಬಾಯಿ ಮುಚ್ಚಿ, ತಂದು ತಾಯಿಯ ಕೈಗಿಟ್ಟಿದ್ದ. ಆಮೇಲೆ ಕಾರ್ಖಾನೆಯೂ ಮುಚ್ಚಿಹೋಯಿತು. ಅತ್ತೆಯ ಪಾಲಿಗೆ ಮಾತ್ರ ಮಗ ಎಲ್ಲಿಗೂ ಹೋಗಿರಲಿಲ್ಲ. ಬೆಳಿಗ್ಗೆ ಗಾಜಿನ ಮೇಲೆ ಮಬ್ಬು ಕೂತಿದ್ದರೆ “ಎದ್ದ” ಎನ್ನುತ್ತಿದ್ದರು. ಚಳಿ ಹೆಚ್ಚಾದರೆ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟು ಬೆಚ್ಚಗೆ ಮಾಡುತ್ತಿದ್ದರು. ಅನ್ನದ ಮೊದಲ ಸೌಟು ಆ ಕುರ್ಚಿಯ ಮುಂದಿನ ತಟ್ಟೆಗೆ. ಅದರೆದುರು ದನಿ ಏರಿಸುವಂತಿಲ್ಲ, ಪಾತ್ರೆ ಕುಕ್ಕುವಂತಿಲ್ಲ, ಬಾಗಿಲು ಧಡಾರನೆ ಹಾಕುವಂತಿಲ್ಲ. ಜಗಳವಾಡುವುದಿದ್ದರೂ ಪಿಸುಮಾತಿನಲ್ಲೇ ಆಡಬೇಕು. ಪಿಸುಮಾತಿನಲ್ಲಿ ಗಂಡನನ್ನು ಬೈಯುವುದು ಎಂಥ ಕಷ್ಟದ ಕೆಲಸ ಎಂದು ಆ ಮನೆಯ ಸೊಸೆಯನ್ನು ಕೇಳಬೇಕು.

ಅವಳ ಗಂಡ ಅತ್ತೆಯ ಎರಡನೆಯ ಮಗ. ಪಂಪು ಮೋಟಾರು ರಿಪೇರಿ ಮಾಡುವವನು. ತಾಯಿ ಅವನನ್ನು ಹುಟ್ಟಿದ ಹೆಸರಿನಿಂದ ಕರೆದದ್ದನ್ನು ಸೊಸೆ ಕೇಳಿಯೇ ಇರಲಿಲ್ಲ. ಅವನಿಗೆ ಎಡಗೈ ವಾಟ. ಹಾಗಾಗಿ ಅವನು ‘ಎಡಚ’. “ಎಡಚ, ನೀರು ಬಂತಾ ನೋಡು.” “ಎಡಚ, ಅಣ್ಣನ ಕುರ್ಚಿ ಒರೆಸಿದ್ಯಾ?” ಅವನು ತುಟಿಪಿಟಕ್ಕೆನ್ನದೆ ಒರೆಸುತ್ತಿದ್ದ.

ಸೊಸೆಗೆ ಹಳೆಯ ಸಾಮಾನು ಕೊಂಡು ಮಾರುವ ಅಂಗಡಿಯಲ್ಲಿ ಕೆಲಸ. ಗಾಜಿನ ಹೂಜಿ, ಬಟ್ಟಲು, ದೀಪದ ಚಿಮಣಿ ಯಾವುದೇ ಬಂದರೂ ತೊಳೆದು, ಬೆಳಕಿಗೆ ಹಿಡಿದು, ಅಚ್ಚಿನಲ್ಲಿ ಒತ್ತಿದ್ದೋ ಬಾಯಲ್ಲಿ ಊದಿದ್ದೋ, ಹಳೆಯದೋ ಹಳೆಯದರ ವೇಷ ಹಾಕಿದ್ದೋ, ಎಲ್ಲಾದರೂ ಸೀಳಿದೆಯೋ ಎಂದು ಹೇಳುವವಳು ಅವಳೇ. ಆದರೆ ಮನೆಯ ಗುಂಡನ್ನು ಅವಳು ಮುಟ್ಟುವ ಹಾಗಿರಲಿಲ್ಲ. “ನಿನ್ನದು ಅಂಗಡಿ ಕಣ್ಣು. ನನ್ನ ಮಗನ ಮೇಲೆ ಬೀಳೋದು ಬೇಡ,” ಎಂದು ಅತ್ತೆ ಮದುವೆಯ ಹೊಸತರಲ್ಲೇ ಕಡ್ಡಿ ಮುರಿದಂತೆ ಹೇಳಿದ್ದರು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ನಾದಿನಿ ಬಂದಳು. ಚಪ್ಪಲಿ ಬಿಡುವಾಗಲೇ ಮಾತು ಶುರು.

“ಅಮ್ಮಾ, ನಮ್ಮ ಕಾರ್ಖಾನೆ ಶೆಡ್ಡು ಇದೆಯಲ್ಲ, ಅದನ್ನ ಮ್ಯೂಸಿಯಂ ಮಾಡ್ತಿದ್ದಾರೆ. ಕೆಲಸ ಮಾಡಿದೋರ ಮನೆಗಳಲ್ಲಿ ಏನೇನಿದೆಯೋ ಕೊಡಿ ಅಂತಿದ್ದಾರೆ. ಒಂದೊಂದರ ಕೆಳಗೂ ಮಾಡಿದವನ ಹೆಸರು ಹಾಕ್ತಾರಂತೆ. ದೊಡ್ಡಣ್ಣನ ಹೆಸರು, ಗೋಡೆ ಮೇಲೆ, ದೀಪ ಹಾಕಿ!”

“ಅವನನ್ನ ನಾನು ಎಲ್ಲಿಗೂ ಕಳಿಸಲ್ಲ,” ಅಂದರು ಅತ್ತೆ.

“ಕಳಿಸೋದೆಲ್ಲಿ ಬಂತು? ನಿನ್ನ ಕಾಲ ಆದ್ಮೇಲೆ ಇವನನ್ನ ಯಾರು ನೋಡ್ತಾರೆ? ಅಲ್ಲಾದ್ರೆ ಊರೇ ನೋಡುತ್ತೆ.”

ಮೊಮ್ಮಗಳು ಬಟಾಣಿ ಸುಲಿಯುತ್ತಾ ಕೂತಿದ್ದಳು. “ಹೌದಜ್ಜಿ, ಪಾಪ ದೊಡ್ಡಪ್ಪನಿಗೂ ಈ ಮನೇಲಿ ಬೇಜಾರಾಗಿರುತ್ತೆ. ದಿನಾ ಅದೇ ನಮ್ಮ ಮುಖ.”

“ನೀನು ಬಾಯ್ಮುಚ್ಚು,” ಎಂದು ಅಜ್ಜಿಯೂ ಸೋದರತ್ತೆಯೂ ಒಟ್ಟಿಗೇ ಪಿಸುಗುಟ್ಟಿದರು.

ಆದರೆ ಗೋಡೆಯ ಮೇಲಿನ ಹೆಸರು ಅತ್ತೆಯ ತಲೆಯೊಳಗೆ ಹೊಕ್ಕುಬಿಟ್ಟಿತು. ಆ ವಾರವೆಲ್ಲ ಗುಂಡಿನ ಜೊತೆ ಅದನ್ನೇ ಮಾತಾಡಿದರು. ಕೊನೆಗೆ ಒಪ್ಪಿದರು. ಒಂದೇ ತೊಡಕೆಂದರೆ, ಆ ಕಾರ್ಖಾನೆಯವರು ಯಾವ ಗಾಜಿಗೂ ಗುರುತು ಒತ್ತಿದವರಲ್ಲ. ಅದಕ್ಕಾಗಿ ತಿಳಿದವರು ಯಾರಾದರೂ ನೋಡಿ, ಇದು ಅಲ್ಲಿಯದೇ, ಇಂಥವರ ಕೈಯದೇ, ಸ್ಥಿತಿ ಹೀಗಿದೆ ಎಂದು ಬರೆದುಕೊಡಬೇಕಿತ್ತು.

“ತಿಳಿದವರು ಮನೇಲೇ ಇದ್ದಾರಲ್ಲ,” ಎಂದಳು ನಾದಿನಿ. “ಅತ್ತಿಗೆ ನೋಡ್ಲಿ.”

ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಕೈ ಸೋಪು ಹಾಕಿ ತೊಳ್ಕೊ,” ಅಂದರು.

ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬೀಳುವ ಹೊತ್ತಿನಲ್ಲಿ ಸೊಸೆ ಗುಂಡನ್ನು ಮೊದಲ ಸಲ ಎತ್ತಿಕೊಂಡಳು. ಬೆಳಕಿಗೆ ಹಿಡಿದು ತಿರುಗಿಸಿದಳು. ಊದಿದ್ದೇ ಸರಿ, ಅಚ್ಚಿನ ಗೆರೆ ಎಲ್ಲೂ ಇಲ್ಲ. ಆ ಹಸಿರುನೀಲಿ ಅವರ ಕಾರ್ಖಾನೆಯದೇ. ಅವರ ಮರಳಿನಲ್ಲಿ ಕಬ್ಬಿಣದ ಅಂಶವಿತ್ತು, ಬಿಳಿ ಗಾಜಿಗೂ ಆ ಛಾಯೆ ಬರುತ್ತಿತ್ತು. ಅಂಗಡಿಯಲ್ಲಿ ಅಂಥವನ್ನು ಎಷ್ಟೋ ನೋಡಿದ್ದಳು. ಹೋಲಿಸಲೆಂದು ನಾದಿನಿ ತನ್ನ ಮದುವೆಗೆ ದೊಡ್ಡಣ್ಣ ಊದಿಕೊಟ್ಟಿದ್ದ ಹೂಜಿಯನ್ನು ತಂದಿದ್ದಳು. ಅದಕ್ಕೂ ಅಂಥದೇ ಬಿಳಿ ಎಳೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸೊಸೆ ಬಗ್ಗಿ ನೋಡಿದಳು.

ಹೂಜಿಯ ಎಳೆ ಎಡದಿಂದ ಬಲಕ್ಕೆ ಏರಿತ್ತು. ಗುಂಡಿನದು ಬಲದಿಂದ ಎಡಕ್ಕೆ.

ಬಿಸಿ ಗಾಜನ್ನು ಕೊಳವೆಯ ತುದಿಯಲ್ಲಿ ತಿರುಗಿಸುತ್ತಾ ಎಳೆ ಸುತ್ತುತ್ತಾರೆ. ಒಂದು ಕೈ ಕೊಳವೆ ಉರುಳಿಸುತ್ತದೆ, ಇನ್ನೊಂದು ಕೈ ಇಕ್ಕಳ ಹಿಡಿಯುತ್ತದೆ. ಕೈ ಅದಲುಬದಲಾದರೆ ಸುರುಳಿಯೂ ತಿರುಗುಮುರುಗು. ಅವಳು ಬೊಟ್ಟಿನ ಬಳಿ ಬೆರಳಾಡಿಸಿದಳು. ಇಕ್ಕಳ ಒತ್ತಿದ ಗುರುತು ಅಲ್ಲಿ ಇನ್ನೂ ಇತ್ತು. ಅದೂ ತಪ್ಪು ಕಡೆಗೇ ಆಳವಾಗಿತ್ತು. ಇದನ್ನು ಮಾಡಿದವನು ಎಡಗೈಯವನು. ಅಂಥ ಒಂದು ಕೈಯನ್ನು ಅವಳು ದಿನವೂ ನೋಡುತ್ತಿದ್ದಳು; ಡಬ್ಬಿಯ ಮುಚ್ಚಳ ತೆಗೆಯುವಾಗ, ಸ್ಕ್ರೂ ತಿರುಗಿಸುವಾಗ, ಮಗಳಿಗೆ ಚಿಕ್ಕಂದಿನಲ್ಲಿ ಜಡೆ ಹಾಕುವಾಗ.

ಕೊನೆಗೆ ಉಗುರಿನಿಂದ ಮೆಲ್ಲಗೆ ತಟ್ಟಿದಳು. ಸರಿಯಿದ್ದರೆ ಗಾಜು ಗುಂಯ್ ಎನ್ನಬೇಕು. ಇದು ಟಪ್ ಎಂದಿತು. ಟವೆಲ್ಲಿಗೆ ತಾಗುವ ಅಡಿಯಲ್ಲಿ, ಕೂದಲಷ್ಟು ತೆಳ್ಳಗೆ ಒಂದು ಸೀಳು.

“ಏನಂತಾನೆ?” ಅಂದರು ಅತ್ತೆ, ಆಸ್ಪತ್ರೆಯ ಬಾಗಿಲಲ್ಲಿ ನಿಂತವರ ಹಾಗೆ.

“ಇನ್ನೊಂದು ಸಲ ನೋಡಬೇಕತ್ತೆ,” ಎಂದಳು ಸೊಸೆ. “ಒಂದು ಮಾತು ಮಾತ್ರ ಈಗಲೇ ಹೇಳ್ತೀನಿ. ಇನ್ಮೇಲೆ ಒಲೆ ಹತ್ರ ಇಡಬೇಡಿ.”

ಗಂಡ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ. ಸೊಸೆ ಬಕೆಟ್ಟಿನ ಪಕ್ಕ ನಿಂತು, ಸುತ್ತಿಬಳಸದೆ ಕೇಳಿದಳು. “ರೀ, ಆ ಗುಂಡು ಊದಿದ್ದು ನೀವು ತಾನೆ?”

ಅವನು ಅಂಗಿ ಕೊಡವುತ್ತಿದ್ದವನು ನಿಲ್ಲಿಸಿದ. ಆಮೇಲೆ ಮತ್ತೆ ಕೊಡವಿ, ಹಗ್ಗಕ್ಕೆ ಹಾಕಿ, ಕ್ಲಿಪ್ಪು ಸಿಕ್ಕಿಸಿದ.

“ಎಳೆ ನೋಡಿದ್ಯಾ?”

“ನೋಡಿದೆ.”

“ಇಷ್ಟು ವರ್ಷ ಯಾರೂ ನೋಡಿರ್ಲಿಲ್ಲ.” ಅವನ ದನಿಯಲ್ಲಿ ಇದ್ದದ್ದು ಹೆದರಿಕೆಯಲ್ಲ. ಅದೊಂದು ಬಗೆಯ ನಾಚಿಕೆ ಬೆರೆತ ಸಂತೋಷದಂತೆ ಅವಳಿಗೆ ಕೇಳಿಸಿತು.

ಆಮೇಲೆ ಹೇಳಿದ. ಅಣ್ಣ ಹೋದ ಮಾರನೆಯ ದಿನ, ಬಂದವರು ಕೂರಲು ಜಾಗ ಮಾಡಲೆಂದು ಅವನು ಪೆಟ್ಟಿಗೆ ಎಳೆದಿದ್ದ. ಗುಂಡು ಅದರ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದು ಗೊತ್ತಿರಲಿಲ್ಲ. ಬಟ್ಟೆಯೊಳಗೇ ನುಚ್ಚುನೂರಾಯಿತು. ಆಗ ಅವನು ಕಾರ್ಖಾನೆಯಲ್ಲಿ ಕುಲುಮೆಗೆ ಕೊಳವೆ ಒಯ್ಯುವ ಕೆಲಸದ ಹುಡುಗ. ಊದಲು ಅವನನ್ನು ಯಾರೂ ಕೂರಿಸಿರಲಿಲ್ಲ. ಅಲ್ಲಿನ ಬೆಂಚುಗಳೆಲ್ಲ ಬಲಗೈಯವರಿಗೆಂದೇ ಕಟ್ಟಿದವು. ಅಣ್ಣನೇ “ಎಡಚರಿಗೆ ಇದು ಒಗ್ಗಲ್ಲ ಬಿಡೋ” ಎಂದಿದ್ದ. ಆದರೂ ಅವನು ಮೇಸ್ತ್ರಿಯ ಕಾಲು ಹಿಡಿದು, ಎಲ್ಲರೂ ಊಟಕ್ಕೆ ಹೋದಾಗ, ಬೆಂಚಿನ ಮೇಲೆ ಹಿಂದುಮುಂದಾಗಿ ಕೂತು ಊದಿದ. ಒಂದಾದ ಮೇಲೊಂದು ಒಡೆದವು. ಕೊನೆಗೆ ಒಂದು ನಿಂತಿತು.

“ನಿಧಾನಕ್ಕೆ ಆರಿಸಬೇಕಿತ್ತು. ಕಾರ್ಖಾನೆಯಲ್ಲಿ ಗಾಜು ಆರಿಸೋ ಒಲೆಯಲ್ಲಿ ಜಾಗ ಕೊಡಲಿಲ್ಲ. ಬಿಸಿಬೂದಿಯಲ್ಲಿ ಹೂತಿಟ್ಟು ಸಂಜೆಗೇ ತಂದ್ಬಿಟ್ಟೆ.”

“ಅದಕ್ಕೇ ಈಗ ಸೀಳಿದೆ,” ಎಂದಳು ಸೊಸೆ. “ಅತ್ತೆ ಬೇರೆ ಒಲೆ ಪಕ್ಕ ಇಟ್ಟಿಟ್ಟು…”

“ಸೀಳಿದೆಯಾ?” ಅವನು ಮುಖ ಒರೆಸಿಕೊಂಡ. “ಅಮ್ಮನಿಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ ಕಣೆ. ತಾಯಿ ಅಲ್ವಾ, ಕೈಗೆ ತಗೊಂಡ ತಕ್ಷಣ ಇದು ಅವನದಲ್ಲ ಅಂತಾಳೆ, ಬೈತಾಳೆ, ಮುಗಿಯುತ್ತೆ ಅಂತ. ಅವಳು ಎದೆಗೊತ್ತಿಕೊಂಡು, ‘ಎಷ್ಟು ಭಾರ ನೋಡೋ ನನ್ನ ಮಗನ ಉಸಿರು’ ಅಂದಳು. ದಪ್ಪ ಊದಿದ್ದೆ, ಅದಕ್ಕೆ ಭಾರ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ.”

“ಮತ್ತೆ ನಾನೇನು ಬರೀಲಿ?”

“ಅಣ್ಣನ ಹೆಸರು ಬರಿ. ನಿನ್ನ ಗಂಟೇನು ಹೋಗುತ್ತೆ? ಅವಳಿಗೆ ಅವನು ಬೇಕು.”

“ನೀವು?”

“ನಾನು ಇದ್ದೀನಲ್ಲ,” ಎಂದು ಅವನು ಬಕೆಟ್ಟು ಎತ್ತಿಕೊಂಡ.

ಸೊಸೆ ಬರೆಯಲಿಲ್ಲ. ಇವತ್ತು, ನಾಳೆ ಎಂದು ವಾರಗಳನ್ನು ತಳ್ಳಿದಳು. ಸುಳ್ಳು ಬರೆಯಲು ಕೈ ಬಾರದು, ನಿಜ ಬರೆಯಲು ಎದೆ ಸಾಲದು. ಊಟಕ್ಕೆ ಕೂತರೆ ಕಣ್ಣು ಆ ಕುರ್ಚಿಯ ಕಡೆಗೇ ಹೋಗುತ್ತಿತ್ತು. ಕುರ್ಚಿಯ ಮೇಲಿದ್ದದ್ದು ಈಗ ಅವಳ ಗಂಡನ ಉಸಿರು. ಎದುರು ಕೂತು ತಲೆಬಗ್ಗಿಸಿ ಬೇಳೆ ಕಲಸುತ್ತಿದ್ದವನು ಯಾರು? ಅವನು ಬೆಳಿಗ್ಗೆ ಟವೆಲ್ಲಿನಿಂದ ಗುಂಡು ಒರೆಸುವುದನ್ನು ನೋಡಿದರೆ ಅವಳು ಬೆಚ್ಚಿ ಮುಖ ತಿರುಗಿಸುತ್ತಿದ್ದಳು. ತನ್ನ ಸಮಾಧಿಯನ್ನು ತಾನೇ ಗುಡಿಸುವ ಮನುಷ್ಯ. ದೆವ್ವದ ಭಯವೆಂದರೆ ಏನೋ ಅಂದುಕೊಂಡಿದ್ದಳು. ಬದುಕಿರುವವನನ್ನು ನೋಡಿ ಹೀಗೆ ಹೆದರಬೇಕಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳು ಬೆಚ್ಚುವುದನ್ನು ಅತ್ತೆ ಗಮನಿಸುತ್ತಿದ್ದರು. “ಮುಟ್ಟಿದಾಗಿಂದ ಇವಳ ಮುಖ ನೋಡೋ ಹಾಗಿಲ್ಲ,” ಎಂದು ಗುಂಡಿಗೆ ದೂರು ಹೇಳಿದರು. “ಏನು ಮಾಡಿದ್ಯೋ ಅವಳಿಗೆ?”

ನಾದಿನಿಗೆ ತಾಳ್ಮೆ ಕೆಟ್ಟಿತು. ಅವಳು ಮತ್ತೆ ಬಂದ ದಿನ ಎಲ್ಲರೂ ಊಟಕ್ಕೆ ಕೂತಿದ್ದರು.

“ಅತ್ತಿಗೆ, ಮ್ಯೂಸಿಯಮ್ಮಿನವರು ದಿನಾ ಕೇಳ್ತಿದ್ದಾರೆ. ನಾಲ್ಕು ಸಾಲು ಬರೆಯೋಕೆ ನಿಮಗೇನು ಕಷ್ಟ? ನಮ್ಮಣ್ಣನಿಗೆ ಹೆಸರು ಬರುತ್ತೆ ಅಂತ ಹೊಟ್ಟೆಕಿಚ್ಚಾ?”

“ಹಾಗೆಲ್ಲ ಮಾತಾಡಬೇಡಿ.”

“ಮತ್ತೆ? ಊರವರ ಹಳೇ ಚಿಮಣಿ ಎಲ್ಲ ನೋಡ್ತೀರ, ಮನೇದು ನೋಡೋಕೆ ಮುಹೂರ್ತ ಇಡಬೇಕಾ?”

“ಅದು ಸೀಳಿದೆ,” ಎಂದುಬಿಟ್ಟಳು ಸೊಸೆ. ಇಷ್ಟು ದಿನ ಗಂಟಲಲ್ಲಿದ್ದದ್ದರಲ್ಲಿ ಚಿಕ್ಕದನ್ನು ಉಗುಳಿದರೆ ದೊಡ್ಡದು ಉಳಿದುಕೊಳ್ಳುತ್ತದೆ ಎಂದು ಅವಳ ಎಣಿಕೆ. “ಅಡಿಯಲ್ಲಿ ಸೀಳಿದೆ. ಅದಕ್ಕೇ ಬರೆದಿಲ್ಲ.”

ಅತ್ತೆಯ ಕೈಯ ಸೌಟು ಅಲ್ಲೇ ನಿಂತಿತು. “ಸೀಳಿದೆ ಅಂದ್ರೆ?”

“ಸಣ್ಣದತ್ತೆ. ಕೂದಲಷ್ಟು.”

“ಕೂದಲಷ್ಟಾದ್ರೇನೇ, ಉಸಿರಿಗೆ ಇನ್ನೆಷ್ಟು ಜಾಗ ಬೇಕು?” ಅತ್ತೆ ಎದ್ದು, ಕುರ್ಚಿಯ ಮುಂದೆ ಮಂಡಿಯೂರಿ, ಗುಂಡನ್ನು ತಿರುಗಿಸಿ ಹುಡುಕಿದರು. ಮುದಿಗಣ್ಣಿಗೆ ಸೀಳು ಕಾಣಿಸಲಿಲ್ಲ. ಹೆಬ್ಬೆರಳಿಗೆ ಸಿಕ್ಕಿತು. “ಹೋಯ್ತು. ನನ್ನ ಕೈಯಾರೆ ಒಲೆ ಪಕ್ಕ ಇಟ್ಟು ಕಳಿಸಿಬಿಟ್ಟೆ. ಹೋದನಲ್ಲೋ! ಮತ್ತೆ ಹೋದನಲ್ಲೋ!”

ಆ ಮನೆಯಲ್ಲಿ ಅಷ್ಟು ದೊಡ್ಡ ದನಿ ಎಷ್ಟೋ ವರ್ಷಗಳಿಂದ ಎದ್ದಿರಲಿಲ್ಲ. ಮೊಮ್ಮಗಳು ತಟ್ಟೆ ಬಿಟ್ಟು ಎದ್ದು ನಿಂತಳು. ನಾದಿನಿ ತಾಯಿಯನ್ನು ಹಿಡಿದುಕೊಳ್ಳಲು ಹೋದಳು, ಅತ್ತೆ ಕೊಸರಿಕೊಂಡರು. ಅಂಗೈಯಿಂದ ಸೀಳನ್ನು ಮುಚ್ಚಿ ಹಿಡಿದು, ಉಳಿದದ್ದಾದರೂ ಹೋಗದಿರಲಿ ಎನ್ನುವಂತೆ ಗುಂಡನ್ನು ಸೆರಗಿನಲ್ಲಿ ಸುತ್ತತೊಡಗಿದರು. ಅದನ್ನು ನೋಡಲಾರದೆ ಗಂಡ ತಾಯಿಯ ಪಕ್ಕ ನೆಲದ ಮೇಲೆ ಕೂತ.

“ಅಮ್ಮ, ಅಳಬೇಡ. ಏನೂ ಹೋಗಿಲ್ಲ. ಕೇಳಿಲ್ಲಿ. ಅದು ಅಣ್ಣನ ಉಸಿರಲ್ಲಮ್ಮ.”

“ಏನು?”

“ನಂದು. ನಾನು ಊದಿದ್ದು.”

ಸಮಾಧಾನ ಮಾಡಲು ಹೇಳಿದ ಮಾತು ಅದು. ನಿಜ ಹೇಳಿಬಿಡಬೇಕೆಂಬ ಹಟ ಅವನಿಗಿರಲಿಲ್ಲ. ಅಮ್ಮನ ಅಳು ನಿಂತರೆ ಸಾಕಾಗಿತ್ತು. ಪೆಟ್ಟಿಗೆ, ಬಟ್ಟೆ, ಮೇಸ್ತ್ರಿ, ಬೂದಿ ಎಲ್ಲವನ್ನೂ ಹೇಳಿದ. ಅತ್ತೆ ಅವನ ಬಾಯಿಯನ್ನೇ ನೋಡುತ್ತಾ ಕೇಳಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. “ನಿಜವೇನೇ?”

“ಹೌದತ್ತೆ. ಎಡಗೈಯಲ್ಲಿ ಮಾಡಿದ್ದು.”

ಅತ್ತೆ ಗುಂಡನ್ನು ನೆಲದ ಮೇಲಿಟ್ಟರು. ಕೋಣೆಯ ಮೂಲೆಮೂಲೆಗೂ ಒಮ್ಮೆ ಕಣ್ಣಾಡಿಸಿದರು. ಬಾಗಿಲ ಕಡೆ ನೋಡಿದರು. ಆಮೇಲೆ, ಎದುರಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದವನನ್ನು ಕೇಳಿದರು:

“ಹಾಗಾದ್ರೆ ನನ್ನ ಮಗ ಎಲ್ಲಿ?”

ಗಂಡ ಎದ್ದು, ತಾಯಿಯ ತಟ್ಟೆ ತೆಗೆದು, ಸಿಂಕಿನಲ್ಲಿಟ್ಟು ನಲ್ಲಿ ತಿರುಗಿಸಿದ. ಅವನ ಬೆನ್ನನ್ನು ನೋಡುತ್ತಾ ಸೊಸೆಗೆ ಅತ್ತೆಯ ಮೇಲೆ ಎಂದೂ ಬರದ ಕೋಪ ಬಂತು. ಆ ಮುದುಕಿಯನ್ನು ಭುಜ ಹಿಡಿದು ಅಲುಗಿಸಬೇಕೆನ್ನಿಸಿತು. ಮಗಳು ಅವಳ ಕೈ ಹಿಡಿದುಕೊಂಡಳು.

ಆಮೇಲೆ ಸೊಸೆ ತಡ ಮಾಡಲಿಲ್ಲ. ಆ ಕಾರ್ಖಾನೆಯದು, ಬಾಯಲ್ಲಿ ಊದಿದ್ದು, ಅಡಿಯಲ್ಲಿ ಸೀಳಿದೆ ಎಂದು ಬರೆದು, ಮಾಡಿದವನ ಜಾಗದಲ್ಲಿ ಗಂಡನ ಹೆಸರು ಬರೆದಳು. ಮ್ಯೂಸಿಯಮ್ಮಿನವನು ಬಂದು ಹತ್ತಿ ತುಂಬಿದ ಪೆಟ್ಟಿಗೆಯಲ್ಲಿ ಗುಂಡನ್ನು ಒಯ್ದ. ಅತ್ತೆ ಹೊರಗೆ ಬರಲಿಲ್ಲ. ನಾದಿನಿ ಮಾತು ಬಿಟ್ಟಳು.

ಗುಂಡು ಹೋದರೂ ಮನೆ ಹಗುರವಾಗಲಿಲ್ಲ. ಮೊದಲು ಸತ್ತವನಿಗೊಂದು ಜಾಗವಿತ್ತು. ಈಗ ಅವನು ಎಲ್ಲೆಂದರಲ್ಲಿ ಇದ್ದ. ಅತ್ತೆ ಮಾತಿನ ಮಧ್ಯೆ ನಿಲ್ಲಿಸಿ ಕಿವಿಗೊಡುತ್ತಿದ್ದರು. ಪರದೆ ಅಲುಗಿದರೆ ತಲೆ ಎತ್ತುತ್ತಿದ್ದರು. ಒಂದು ದಿನ ಮಗನನ್ನು ಕೇಳಿದರು. “ಒಡೆದಿದ್ದನ್ನ ಏನು ಮಾಡಿದೆ?”

“ಕಾರ್ಖಾನೆಯ ಚೂರಿನ ರಾಶಿಗೆ ಹಾಕಿದೆನಮ್ಮ.”

“ಅದನ್ನೇನು ಮಾಡ್ತಿದ್ರು?”

“ಮತ್ತೆ ಕುಲುಮೆಗೆ ಹಾಕ್ತಿದ್ರು. ಲೋಟ ಮಾಡ್ತಿದ್ರು, ಸೀಸೆ ಮಾಡ್ತಿದ್ರು.”

ಅದನ್ನು ಕೇಳಿದ್ದೇ ತಡ, ಅತ್ತೆಗೆ ಹುಡುಕುವ ಹುಚ್ಚು ಹತ್ತಿತು. ಮನೆಯ ಲೋಟಗಳನ್ನೆಲ್ಲ ಕಿಟಕಿಗೆ ಹಿಡಿದು ನೋಡಿದರು. ಪಕ್ಕದ ಮನೆಯವರ ಉಪ್ಪಿನಕಾಯಿ ಭರಣಿ ನೋಡಿದರು. ಔಷಧಿ ಅಂಗಡಿಯ ಹಳೆಯ ಸೀಸೆಗಳನ್ನು ನೋಡಲು ಹೋಗಿ, ಬಿಸಿಲಲ್ಲಿ ತಲೆ ಸುತ್ತಿ ಕೂತುಬಿಟ್ಟರು. ಅಂದಿನಿಂದ ಮಗ ತನ್ನ ರಿಪೇರಿ ಅಂಗಡಿಗೆ ಬೀಗ ಹಾಕಿ ಅವರ ಜೊತೆ ಹೊರಡತೊಡಗಿದ. ಸಂಜೆಯ ಹೊತ್ತು ಬೀದಿಬೀದಿ ತಿರುಗುವರು, ಹಸಿರುನೀಲಿಯ ಗಾಜು ಎಲ್ಲಿ ಕಂಡರೂ ನಿಲ್ಲುವರು.

“ಇದು ಅವನೇನೋ?”

“ಗೊತ್ತಾಗಲ್ಲಮ್ಮ. ಕರಗಿದ ಮೇಲೆ ಗುರುತು ಉಳಿಯಲ್ಲ.”

“ನೀನು ಹೌದು ಅಂದುಬಿಡಬಾರದಾ?”

“ಒಂದು ಸಲ ಸುಮ್ಮನಿದ್ದು ಸಾಕಾಗಿದೆಯಮ್ಮ.”

ಒಂದು ಶನಿವಾರ ಸೊಸೆಯೂ ತರಕಾರಿ ಚೀಲ ಹಿಡಿದು ಜೊತೆಗೆ ಹೋದಳು. ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ಹಳೆಯ ಲೋಟಗಳಿವೆಯೆಂದು ಅತ್ತೆಗೆ ಯಾರೋ ಹೇಳಿದ್ದರು. ಅಂಗಡಿಯವನಿಗೆ ಅವರ ಸುದ್ದಿ ಮುಟ್ಟಿತ್ತೋ ಏನೋ, ಮಾತಿಲ್ಲದೆ ಲೋಟಗಳನ್ನೆಲ್ಲ ತೊಳೆದು ಬೆಂಚಿನ ಮೇಲೆ ಸಾಲಾಗಿ ಇಟ್ಟುಕೊಟ್ಟ. ಅತ್ತೆ ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಇಟ್ಟರು. ಕೊನೆಯದನ್ನೂ ಇಟ್ಟ ಮೇಲೆ ಕೈ ಚೆಲ್ಲಿ ಕೂತರು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ದಣಿದವರಂತೆ ಕಂಡರು. ಮಗ ಟೀ ತಂದು ಅವರ ಕೈಗಿಟ್ಟು, ತನ್ನ ಲೋಟ ಹಿಡಿದು ಪಕ್ಕದಲ್ಲಿ ಕೂತ.

ಅತ್ತೆ ಲೋಟ ಹಿಡಿದವನ ಕೈಯನ್ನು ನೋಡಿದರು. ಆ ಎಡಗೈಯನ್ನು, ಉಗುರಿನ ಸಂದಿಯ ಗ್ರೀಸನ್ನು, ತುಂಬ ಹೊತ್ತು ನೋಡಿದರು. ಸೊಸೆ ಚೀಲವನ್ನು ಮಡಿಲಿಗೆಳೆದುಕೊಂಡಳು.

“ನೀನು ಮಾಡಿದ್ದು ಇನ್ನೇನಾದ್ರೂ ಇದೆಯೇನೋ, ಈ ಊರಲ್ಲಿ?”

“ಇಲ್ಲಮ್ಮ. ಆಮೇಲೆ ಊದೋಕೆ ಬಿಡಲಿಲ್ಲ. ಅದೊಂದೇ.”

ಅತ್ತೆ ಟೀ ಕುಡಿಯಲಿಲ್ಲ. ಬಸ್ಸೊಂದು ಬಂದು ಜನರನ್ನು ಇಳಿಸಿ ಹೋಯಿತು.

“ಚೆನ್ನಾಗಿ ಮಾಡಿದ್ದೆ ಕಣೋ,” ಅಂದರು.

ಅವನು ಲೋಟವನ್ನು ಕೆಳಗಿಡಲು ನೋಡಿದ, ಆಗಲಿಲ್ಲ, ಟೀ ತುಳುಕಿ ಪ್ಯಾಂಟಿನ ಮೇಲೆ ಚೆಲ್ಲಿತು. ಮದುವೆಯಾದಾಗಿನಿಂದ ಸೊಸೆ ಅವನ ಕಣ್ಣಲ್ಲಿ ನೀರು ಕಂಡವಳಲ್ಲ. ಅಂಗಡಿಯವನ ಎದುರು, ಬಸ್ಸಿಗೆ ಕಾದವರೆಲ್ಲರ ಎದುರು, ಅವನು ದನಿ ತೆಗೆದು ಅತ್ತುಬಿಟ್ಟ. ಅತ್ತೆ ಅವನಿಗೆ ಸುಮ್ಮನಿರು ಎನ್ನಲಿಲ್ಲ.